ಡಬ್ಬಿಯಡಿಯ ಸುದ್ದಿ

ಪೇಂಟರ್ ಬರುವ ಹಿಂದಿನ ದಿನ ಮನೆಯ ಗಂಡಸು ಏನಾದರೊಂದು ನೆಪ ಹೇಳಿ ಊರಿಗೆ ಹೋಗಿಬಿಡಬೇಕು. ಈ ಬುದ್ಧಿ ನನಗೆ ಬಂದದ್ದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಹಳೆಯ ದೋಸೆ ಸಟ್ಟುಗ ಹಿಡಿದು ಮಂಡಿಯೂರಿದ ಮೇಲೆ. ಕಡಪ್ಪ ಕಲ್ಲಿನ ಶೆಲ್ಫುಗಳಿಗೆ ಹಾಸಿದ ಪೇಪರನ್ನೆಲ್ಲ ಕೆರೆದು ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ಹಾಸಿದ್ದು ನೀವೇ ಅಲ್ವಾ ಮಾರಾಯ್ರೆ, ನೀವೇ ತೆಗೀರಿ" ಎಂಬುದು ಇವಳ ನ್ಯಾಯ. ಹಾಸಿದ್ದು ನಾನೇ, ಹೌದು. 1984ರಲ್ಲಿ ಈ ಮನೆಗೆ ಬಂದಾಗಿನಿಂದ ಚೌತಿಗೆ ಮೊದಲು ತಪ್ಪದೆ ಹೊಸ ಪೇಪರ್ ಹಾಸಿದ್ದೇನೆ. ಹಳೆಯದನ್ನು ತೆಗೆದು ಹಾಸಬೇಕು ಎಂದು ಯಾರೂ ಹೇಳಿರಲಿಲ್ಲ.

ಮೇಲಿನ ಪದರಗಳು ಮರಾಠಿ, ಮಗ ಶಾಲೆಗೆ ಹೋಗುತ್ತಿದ್ದ ಕಾಲದವು. ಅದರ ಕೆಳಗೆ ಪಕ್ಕದ ಮನೆಯ ಗುಜರಾತಿ ಕಾಕಾ ದಾನ ಮಾಡಿದ ಮುಂಬೈ ಸಮಾಚಾರ್. ಕಾಕಾ ಪೇಪರ್ ಕೊಡುವಾಗಲೆಲ್ಲ ಅದು 1822ರ ಜುಲೈ 1ರಂದು ಹುಟ್ಟಿದ್ದು, ಇವತ್ತಿಗೂ ನಿಂತಿಲ್ಲ ಎಂದು ನೆನಪಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಮ್ಮ ಮಂಗಳೂರ ಸಮಾಚಾರವೂ ಜುಲೈ 1ರಂದೇ ಹುಟ್ಟಿದ್ದು, ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಕಲ್ಲಚ್ಚಿನಲ್ಲಿ ತೆಗೆದದ್ದು ಎನ್ನುತ್ತಿದ್ದೆ. ಇಸವಿ ಯಾವುದು ಎಂದು ಕಾಕಾ ಕೇಳುತ್ತಿದ್ದರು. 1843 ಎಂದು ಸ್ವಲ್ಪ ಸಣ್ಣ ದನಿಯಲ್ಲಿ ಹೇಳುತ್ತಿದ್ದೆ. ಅದು ವರ್ಷ ತುಂಬುವ ಮೊದಲೇ ಮಂಗಳೂರು ಬಿಟ್ಟು ಬಳ್ಳಾರಿಗೆ ಹೋಯಿತು ಎಂಬುದನ್ನು ಹೇಳುತ್ತಲೇ ಇರಲಿಲ್ಲ. ಪಕ್ಕದ ಮನೆಯವರಿಗೆ ಎಲ್ಲವನ್ನೂ ಹೇಳಬೇಕೆಂದೇನಿಲ್ಲ.

ಎಲ್ಲಕ್ಕಿಂತ ತಳದಲ್ಲಿ, ಕಲ್ಲಿಗೆ ಅಂಟಿಕೊಂಡು, ಊರಿನ ಕನ್ನಡ ಪೇಪರು. ಆಗ ಕೊಂಕಣ ರೈಲು ಇರಲಿಲ್ಲ; ಊರಿನ ಪೇಪರು ನಮ್ಮ ಹಾಗೆಯೇ ಘಾಟಿ ಹತ್ತಿಳಿದು, ಬಳಲಿ, ತಡವಾಗಿ ಬರುತ್ತಿತ್ತು. ಮಾಟುಂಗಾದಲ್ಲಿ ಕೊಂಡು ಲೋಕಲ್‌ನಲ್ಲಿ ನಾಲ್ಕು ಮಡಿಕೆ ಮಾಡಿ ಓದುತ್ತಿದ್ದೆ. ಈಗ ಅದರ ಅಂಚೆಲ್ಲ ಕಂದಿ, ಮುಟ್ಟಿದರೆ ಹಪ್ಪಳದಂತೆ ಪುಡಿ. ಡಬ್ಬಿಗಳು ಒತ್ತಿ ಕೂತಲ್ಲಿ ಮಾತ್ರ ತುಕ್ಕಿನ ಬಳೆಯೊಳಗೆ ಗುಂಡಗೆ ಒಂದಿಷ್ಟು ಉಳಿದಿತ್ತು. ಇಂಗಿನ ಡಬ್ಬಿಯಡಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ, ಅರ್ಧ ಮೀಸೆ. ಬೆಲ್ಲದ ಡಬ್ಬಿಯಡಿ ಅಡಿಕೆ ಧಾರಣೆ. "7ನೇ ಪುಟಕ್ಕೆ" ಎಂದು ಮುಗಿಯುವ ಒಂದು ಕೊಲೆ ಮೊಕದ್ದಮೆ. ಆ 7ನೇ ಪುಟಕ್ಕಾಗಿ ಮೂರು ಶೆಲ್ಫು ಕೆರೆದೆ, ಸಿಗಲಿಲ್ಲ. ಕೊಂದವನು ಯಾರೆಂದು ನನಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ.

ಹಳೆಯ ಪೇಪರಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ. "ನೋಡಿ, ಆಗ ಚಿನ್ನ ಇಷ್ಟೇ ಇತ್ತು!" ಆಗ ಸಂಬಳ ಎಷ್ಟಿತ್ತು ಎಂದು ಮಾತ್ರ ಪುಣ್ಯಾತ್ಮರು ಹಾಕುವುದಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಊರಿಗೆ ಮನಿಯಾರ್ಡರ್ ಕಳಿಸಿದ ಮೇಲೆ ಆ ಅಗ್ಗದ ಚಿನ್ನದ ಅಂಗಡಿಯ ಬೋರ್ಡನ್ನು ಓದಿಕೊಂಡು ಹೋಗುತ್ತಿದ್ದೆ, ಅಷ್ಟೆ. ದೊಡ್ಡಕ್ಷರದ ಸುದ್ದಿಯನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ನೋಡಬೇಕಾದ್ದು ಮೂಲೆಯ ಜಾಹೀರಾತು. ಸಾಸಿವೆ ಡಬ್ಬಿಯಡಿ ಒಂದಿತ್ತು: ಹೊಲಿಗೆ ಯಂತ್ರ, ಸುಸ್ಥಿತಿಯಲ್ಲಿದೆ, ಕೂಡಲೇ ಮಾರಾಟಕ್ಕಿದೆ, ಲಾಲ್‌ಬಾಗ್. ಈ ಲಾಲ್‌ಬಾಗ್ ಎಂದರೆ ಬೊಂಬಾಯಿಯ ಬಟ್ಟೆ ಗಿರಣಿಗಳ ಕೇರಿ. ಗಿರಣಿ ಮುಷ್ಕರ ಶುರುವಾದದ್ದು 1982ರ ಜನವರಿ 18ಕ್ಕೆ, ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ಬಂದರು, ಬಹಳ ಜನ ಮತ್ತೆ ಒಳಗೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಪೇಪರಿನಲ್ಲಿ ಮುಷ್ಕರದ ಸುದ್ದಿ ಸಣ್ಣದಾಗಿತ್ತು, ಹೊಲಿಗೆ ಯಂತ್ರ ಮಾರಾಟಕ್ಕೆ ಬಂದಿತ್ತು. "ಕೂಡಲೇ" ಎಂಬ ಆ ಒಂದು ಪದಕ್ಕೆ ಬೇರೆ ದುಡ್ಡು ಕೊಟ್ಟಿರಬೇಕು.

ಇದನ್ನು ನೋಡುತ್ತ ಕೂತಾಗ ನನಗೊಂದು ದೊಡ್ಡ ವಿಚಾರ ಹೊಳೆದಿತ್ತು. ಅದನ್ನು ಹೇಳುವ ಮೊದಲು ನನ್ನ ಸಣ್ಣ ಮಾವನ ಕತೆ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಸಣ್ಣ ಮಾವ ನನಗಿಂತ ಎರಡೇ ವರ್ಷಕ್ಕೆ ದೊಡ್ಡವ. 1970ರಲ್ಲಿ ಗಣಿತದಲ್ಲಿ ಫೇಲಾಗಿ, ಅಜ್ಜನ ಬೆತ್ತಕ್ಕೆ ಹೆದರಿ ಬೊಂಬಾಯಿಗೆ ಓಡಿದ. ನಮ್ಮ ಕಡೆ ಹುಡುಗರು ಓಡುವುದೆಂದರೆ ಬೊಂಬಾಯಿಗೇ. ಬೇರೆ ಊರಿಗೆ ಓಡಿದವನನ್ನು ನಾನು ಕಂಡಿಲ್ಲ. ಆ ವರ್ಷದ ಜನವರಿ 1ಕ್ಕೆ ಮಣಿಪಾಲದಲ್ಲಿ ಉದಯವಾಣಿ ಹೊಸದಾಗಿ ಶುರುವಾಗಿತ್ತು. ಹೊಸ ಪೇಪರಾದರೆ ಜನ ಕಣ್ಣುಬಿಟ್ಟು ಓದುತ್ತಾರೆ ಎಂದು ಅಜ್ಜ ಅದರಲ್ಲೇ ಜಾಹೀರಾತು ಕೊಟ್ಟರು. ಫೋಟೋಕ್ಕೆ ಜಾಸ್ತಿ ಖರ್ಚು, ಹಾಗಾಗಿ ವರ್ಣನೆ: "ಕಾಣೆಯಾಗಿದ್ದಾನೆ. 14 ವರ್ಷ. ಎಣ್ಣೆಗಪ್ಪು ಮೈಬಣ್ಣ, ಕೋಲುಮುಖ, ಎಡಗಿವಿಯ ಹಿಂದೆ ಗಾಯದ ಕಲೆ. ಸ್ವಭಾವ ಸೋಮಾರಿ. ಸುಳಿವು ಕೊಟ್ಟವರಿಗೆ ಸೂಕ್ತ ಬಹುಮಾನ." ಒಂದೊಂದು ಸಾಲಿಗೂ ಕಾಸು ಎಣಿಸುತ್ತಿದ್ದ ಅಜ್ಜ "ಸ್ವಭಾವ ಸೋಮಾರಿ"ಗೆ ಕಾಸು ಬಿಚ್ಚಿದ್ದು ಹೇಗೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಚರ್ಚೆಯಾಗುತ್ತದೆ.

ಮಾವ ಆಗ ಫೋರ್ಟಿನ ಒಂದು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದ. ಗೋಳಿಬಜೆ ಕಟ್ಟಲು ಹಳೆಯ ಪೇಪರಿನ ಕಟ್ಟಿನಿಂದ ಒಂದು ಹಾಳೆ ಎಳೆದ, ಅದರಲ್ಲಿ ಅವನೇ. ಹೆದರಿಕೆಯಾಗಲಿಲ್ಲವಂತೆ, ಸಿಟ್ಟು ಬಂತಂತೆ. "ಎಣ್ಣೆಗಪ್ಪಂತೆ! ಸ್ವಂತ ಮಗನಿಗೆ!" ಆ ಸಿಟ್ಟಿನಲ್ಲಿ ಜಾಹೀರಾತು ಒಳಮೈಯಾಗುವ ಹಾಗೆ ಮಡಚಿ, ಬಜೆ ತುಂಬಿ, ನೂಲು ಬಿಗಿದು ಗಿರಾಕಿಗೆ ಕೊಟ್ಟುಬಿಟ್ಟ. ಸಾಕ್ಷಿ ನಾಶವಾಯಿತು ಎಂದುಕೊಂಡ. ಆದರೆ ಗಿರಾಕಿ ಕನ್ನಡದವ. ನಾವು ಬಜೆ ತಿಂದಾದ ಮೇಲೆ ಎಣ್ಣೆ ಹೀರಿದ ಪೇಪರನ್ನು ಬೆಳಕಿಗೆ ಹಿಡಿದು ಓದದೆ ಬಿಸಾಡುವವರೇ? ಮರುದಿನ ಬೆಳಿಗ್ಗೆ ಆ ಮನುಷ್ಯ ಅದೇ ಹಾಳೆ ಹಿಡಿದುಕೊಂಡು ಬಂದು, ಮಾವನ ಎಡಗಿವಿಯನ್ನು ಮಡಚಿ ನೋಡಿದ.

(ಈಗಾದರೆ ಮಾವ ಸಿಕ್ಕಿಬೀಳುತ್ತಿರಲಿಲ್ಲ. ಶಾಯಿ ಹೊಟ್ಟೆಗೆ ಹೋಗುತ್ತದೆ, ತಿಂಡಿಯನ್ನು ಪೇಪರಿನಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಸರಿಯಾದ ಮಾತೇ. ಆದರೆ ವಡಾಪಾವ್ ತಿಂದು ಬೋಳು ಕಾಗದ ನೋಡುತ್ತ ನಿಲ್ಲುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.)

ಹೋಟೆಲ್ ಧಣಿ ಬಹುಮಾನದ ಆಸೆಯಿಂದ ಅಜ್ಜನಿಗೆ ಕಾರ್ಡು ಬರೆದರು. ವಾರದ ಮೇಲೆ ಉತ್ತರ ಬಂತು: "ಬಹುಮಾನ ಕೊಡುವ ಅನುಕೂಲ ಸದ್ಯಕ್ಕಿಲ್ಲ. ಹುಡುಗನನ್ನೇ ಬಹುಮಾನವೆಂದು ತಿಳಿದು ಇಟ್ಟುಕೊಳ್ಳುವುದು." ಧಣಿ ಇಟ್ಟುಕೊಂಡರು. ರಾತ್ರಿ ಶಾಲೆಗೂ ಹಾಕಿದರು. ಅಲ್ಲಿ ಗಣಿತ ಪಾಸಾಯಿತು. ಮಾವ ಊರಿಗೆ ಹೋದದ್ದು ನಾಲ್ಕು ವರ್ಷದ ಮೇಲೆ, ಅಜ್ಜನಿಗೆ ಒಂದು ಶಾಲು ತೆಗೆದುಕೊಂಡು. ಕೊಡುವಾಗ ಹೇಳಿದ್ದು ಇಷ್ಟೇ ಅಂತೆ: "ಬಿಳಿ ಶಾಲು. ನಿಮ್ಮ ಹತ್ತಿರ ಕಪ್ಪು ಇದೆಯಲ್ಲ."

ಇದೆಲ್ಲ ನೆನಪಾದದ್ದು ಯಾಕೆಂದರೆ, ರವೆ ಡಬ್ಬಿಯಡಿ ನನಗೊಂದು "ಕಾಣೆಯಾಗಿದ್ದಾನೆ" ಸಿಕ್ಕಿತ್ತು. ಅಷ್ಟರಲ್ಲಿ ಇವಳು ಬಂದು ಎರಡು ಗಂಟೆಯಲ್ಲಿ ನಾನು ಮಾಡಿದ ಕೆಲಸ ನೋಡಿದಳು. ಏನೂ ಹೇಳಲಿಲ್ಲ, ಸ್ಟೂಲ್ ಹತ್ತಿ ಮೇಲಿನ ಶೆಲ್ಫನ್ನು ತಾನೇ ಕೆರೆಯತೊಡಗಿದಳು. ಕೆರೆದದ್ದನ್ನು ರದ್ದಿವಾಲಾನಿಗೆ ತೋರಿಸಿದರೆ ಆ ಮಹಾಶಯ ತಕ್ಕಡಿಯನ್ನೇ ಎತ್ತಲಿಲ್ಲ. "ಯೇ ರದ್ದಿ ನಹೀ ಅಂಕಲ್, ಕಚರಾ ಹೈ." ರದ್ದಿಗೂ ಕಚರಾಕ್ಕೂ ನಡುವಿನ ಗೆರೆ ಎಳೆಯಲು ಇವನ್ಯಾರು? ಹೊಸದಾಗಿ ಹಾಸಲು ಇವಳು ಸ್ಟ್ರಾಬೆರಿ ಚಿತ್ರದ ಪ್ಲಾಸ್ಟಿಕ್ ಹಾಳೆ ತಂದಿಟ್ಟಿದ್ದಾಳೆ. ನಲವತ್ತು ವರ್ಷ ಇಟ್ಟರೂ ಅದರಲ್ಲಿ ಸ್ಟ್ರಾಬೆರಿಯೇ ಇರುತ್ತದೆ.

ಬಾಲ್ಕನಿಗೆ ಹೋಗಿ ಮೀರಾ ರೋಡಿನ ಮಾವನಿಗೆ ಫೋನ್ ಹಚ್ಚಿದೆ. ಈಗ ಮೊಮ್ಮಕ್ಕಳನ್ನು ಆಡಿಸುತ್ತಾನೆ.

"ಮಾವ, ನಿನ್ನ ಹಾಗೆ ಓಡಿಹೋದವ ಒಬ್ಬ ಸಿಕ್ಕಿದ, ರವೆ ಡಬ್ಬಿಯಡಿ. 84ರವ."

"ಬಣ್ಣ ಎಂತ ಬರೆದಿದ್ದಾರೆ?"

ಕನ್ನಡಕ ಸರಿಮಾಡಿ ಓದಿದೆ. "13 ವರ್ಷ, ಗೋಧಿ ಮೈಬಣ್ಣ, ದುಂಡು ಮುಖ. ನಿನ್ನ ತಾಯಿ ಊಟ ಬಿಟ್ಟಿದ್ದಾಳೆ, ಬೇಗ ಬಾ, ಯಾರೂ ಬೈಯುವು... ಆಮೇಲೆ ತುಕ್ಕು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಗೋಧಿ ಅಂತ ಬರೆದಿದ್ದಾರಾ?"

"ಹೌದು."

"ಹಾಗಾದ್ರೆ ಅವ ಒಂದೇ ವಾರಕ್ಕೆ ವಾಪಸ್ ಹೋಗಿರ್ತಾನೆ ಬಿಡು ಮಾರಾಯ."