ಮಹಾಮೇಧಾವಿಗೆ ಲೆವೆಲ್ 1 ಸಂಬಳ

ಹೊರದೇಶದ ಪರಿಣತರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಕೊಡುವ ಅಮೆರಿಕದ ಎಚ್-1ಬಿ ವೀಸಾ ಫೈಲಿನಲ್ಲಿ ಒಂದು ಪವಾಡ ನಡೆಯುತ್ತದೆ. ವಕೀಲರ ಪತ್ರದಲ್ಲಿ ಹುಡುಗ ಮಹಾಮೇಧಾವಿ. ಕೆಲಸ ಬಲು ಜಟಿಲ, ಬೇಕಾದ ಪರಿಣತಿ ಅಪರೂಪ, ಇವನು ಬರದಿದ್ದರೆ ಪ್ರಾಜೆಕ್ಟ್ ನಿಂತೇ ಹೋದೀತು. ಅದೇ ಫೈಲಿನಲ್ಲಿ ಸಂಬಳದ ಹಾಳೆ ತೆಗೆಯಿರಿ. ಅಲ್ಲಿ ಅವನು ಲೆವೆಲ್ 1. ಅಂದರೆ ಕೆಲಸದ ಅಆಇಈ ಮಾತ್ರ ಗೊತ್ತು, ಯಾರಾದರೂ ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಿರಬೇಕು.

ಇದು ಮೋಸ ಅಂದುಕೊಂಡಿರಾ? ಅಲ್ಲ ಸ್ವಾಮಿ, ಎಷ್ಟೋ ಸಲ ಇದು ಪಕ್ಕಾ ಕಾನೂನು. ಆ ಕೆಲಸಕ್ಕೆ ಆ ಊರಿನಲ್ಲಿ ನಡೆಯುವ ಸಂಬಳವನ್ನೇ ಕೊಡಬೇಕು ಎನ್ನುತ್ತದೆ ನಿಯಮ. ಎಷ್ಟದು? ಅದೇ ಕೆಲಸ ಮಾಡುವ ನೂರು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ. ಕೆಳಗಿನಿಂದ 17ನೆಯವನ ಹತ್ತಿರ ಬಂದರೆ ಲೆವೆಲ್ 1. 34ನೆಯವನ ಹತ್ತಿರ ಲೆವೆಲ್ 2. ಸಾಲಿನ ನಡುವಿಗೆ ಬರಲು ಲೆವೆಲ್ 3ರವರೆಗೆ ಹತ್ತಬೇಕು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗಿಂತ ಕಡಿಮೆ ಕೊಟ್ಟರೂ ಲೆಕ್ಕ ಚುಕ್ತಾ.

ಕಾರ್ಮಿಕ ಇಲಾಖೆ ತಡೆಯಲ್ವಾ? ಪಾಪ, ಅದಕ್ಕೆ ಸಿಗುವುದು 7 ಕೆಲಸದ ದಿನ. ಫಾರಂ ಪೂರ್ತಿ ತುಂಬಿದೆಯಾ, ಕಣ್ಣಿಗೆ ಹೊಡೆಯುವಂಥ ತಪ್ಪಿದೆಯಾ, ಅಷ್ಟು ನೋಡಿ ಒಪ್ಪಿಗೆ.

1998ರಲ್ಲಿ ಒಂದು ಕಟ್ಟುನಿಟ್ಟಿನ ಕಾನೂನೂ ಬಂತು. ಇಂಥ ವೀಸಾದವರನ್ನೇ ಜಾಸ್ತಿ ನೆಚ್ಚಿಕೊಂಡ ಕಂಪನಿಗಳು ಮೊದಲು ಅಮೆರಿಕದವರನ್ನು ಹುಡುಕಬೇಕು, ಅವರನ್ನು ಎಬ್ಬಿಸಿ ಇವರನ್ನು ಕೂರಿಸಬಾರದು. ಅದರಲ್ಲೇ ಒಂದು ಕಿಂಡಿ: ವರ್ಷಕ್ಕೆ 60,000 ಡಾಲರ್ ಕೊಟ್ಟರೆ ಈ ಷರತ್ತು ಬೇಡ. ಆಮೇಲೆ ಬಾಡಿಗೆ ಏರಿತು, ಹಾಲು ಮೊಟ್ಟೆ ಏರಿತು. 60,000 ಮಾತ್ರ ಅಲುಗಾಡಲಿಲ್ಲ.

ಇದರ ರುಚಿ ಡಿಸ್ನಿಯವರು ತೋರಿಸಿದರು. 2015ರ ಶುರುವಿನಲ್ಲಿ ಒರ್ಲ್ಯಾಂಡೊದಲ್ಲಿ ಸುಮಾರು 250 ಐಟಿ ನೌಕರರನ್ನು ಮನೆಗೆ ಕಳಿಸಿದರು. ಅವರಲ್ಲಿ ಎಷ್ಟೋ ಜನ ಹೋಗುವ ಮುಂಚೆ ತಮ್ಮ ಜಾಗಕ್ಕೆ ಬಂದವರಿಗೆ ಕೆಲಸ ಕಲಿಸಿಕೊಡಬೇಕಾಯಿತು. ಯಾರಿಗೂ ಇಲ್ಲದ ಪರಿಣತಿ ಇದೆ ಎಂದು ಕರೆಸಿಕೊಂಡವರಿಗೆ, ನೀವು ಬೇಡ ಎನಿಸಿಕೊಂಡವರು ಪಾಠ ಮಾಡಿದರು! ಕೋರ್ಟಿಗೆ ಹೋದವರ ಕೇಸು ವಜಾ ಆಯಿತು. ಕಾನೂನು ಪ್ರಕಾರವೇ ಎಲ್ಲ ಸರಿ ಇತ್ತಲ್ಲ.

ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿ ಹಂತದ ನಾಟಕ ಇನ್ನೂ ಸೊಗಸು. ಅಲ್ಲಿ ಕೆಲಸಕ್ಕೆ ಯೋಗ್ಯ ಅಮೆರಿಕನ್ನರು ಸಿಗಲಿಲ್ಲ ಎಂದು ತೋರಿಸಬೇಕು. ಅದಕ್ಕೆ ಎರಡು ಭಾನುವಾರದ ಪತ್ರಿಕೆಯಲ್ಲಿ ಜಾಹೀರಾತು. ಈ ಕೆಲಸಗಳಿಗೆ ಆ್ಯಪಲ್ ಅಂಚೆಯಲ್ಲಿ ಕಾಗದದ ಅರ್ಜಿ ಕೇಳುತ್ತಿತ್ತು, ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿರಲಿಲ್ಲ ಎಂದು ಅಮೆರಿಕದ ನ್ಯಾಯ ಇಲಾಖೆ ಆರೋಪಿಸಿತು. ಹೌದು, ಐಫೋನ್ ಮಾಡುವ ಕಂಪನಿಯೇ. 2023ರಲ್ಲಿ 2.5 ಕೋಟಿ ಡಾಲರಿಗೆ ರಾಜಿಯಾಯಿತು. ಮರುವರ್ಷ ಲಾಸ್ ಏಂಜಲಿಸ್‌ನ ಜ್ಯೂರಿ, ಕಾಗ್ನಿಜೆಂಟ್ ಭಾರತೀಯರಲ್ಲದ ನೌಕರರಿಗೆ ತಾರತಮ್ಯ ಮಾಡಿದೆ ಎಂದು ಹೇಳಿತು. ನಮ್ಮವರ ಕಂಪನಿ ಅಲ್ವಾ ಅಂತ ನಾವು ಬಾಯಿ ಮುಚ್ಚಿಕೊಳ್ಳಬೇಕಿಲ್ಲ.

ಟಿವಿ ಚರ್ಚೆಯಲ್ಲಿ ಒಬ್ಬರು ‘ನಮ್ಮ ಕೆಲಸ ಕದ್ದರು’ ಎಂದು ಕೂಗುತ್ತಾರೆ. ಎದುರಿನವರು ‘ಜಗತ್ತಿನ ಶ್ರೇಷ್ಠ ಮಿದುಳು ಬೇಡವೇ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಶ್ರೇಷ್ಠ ಮಿದುಳಿಗೆ ಲೆವೆಲ್ 1 ಯಾಕೆ ಸ್ವಾಮಿ ಎಂದು ಇಬ್ಬರೂ ಕೇಳಲ್ಲ. ಆ ಹುಡುಗನೂ ಕೇಳಲ್ಲ. ಕೇಳಿ ಕೆಲಸ ಹೋದರೆ, ಹೊಸ ಕಂಪನಿ ಹುಡುಕಲು ಹೆಚ್ಚೆಂದರೆ 60 ದಿನ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ 7 ಮಾತ್ರ ಎಂಬ ಮಿತಿಯಿಂದಾಗಿ ಭಾರತದವರ ಸಾಲು ದಶಕಗಳಷ್ಟು ಉದ್ದ. ಇಷ್ಟು ಗಟ್ಟಿಯಾಗಿ ಕಟ್ಟಿಹಾಕಿದ ಮೇಲೆ ಯಾರು ತಾನೇ ಚೌಕಾಸಿ ಮಾಡುತ್ತಾರೆ?

2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಮದ್ದು ಕಂಡುಹಿಡಿದರು. ಹೊರದೇಶದಿಂದ ಹೊಸದಾಗಿ ಒಬ್ಬರನ್ನು ಕರೆಸಿದರೆ ಕಂಪನಿ 1,00,000 ಡಾಲರ್ ಕಟ್ಟಬೇಕು. ಸಹಿ ಬಿದ್ದ ಎರಡೇ ದಿನದಲ್ಲಿ ಜಾರಿ. ಸಂಬಳದ ಲೆವೆಲ್‌ಗಳನ್ನೂ ಪರಿಷ್ಕರಿಸಿ ಎಂದು ಅದೇ ಆದೇಶದಲ್ಲಿ ಕಾರ್ಮಿಕ ಇಲಾಖೆಗೆ ಹೇಳಿದ್ದಾರೆ. ಅದಕ್ಕೆ ಮಾತ್ರ ಎರಡು ದಿನದ ಗಡುವು ಇರಲಿಲ್ಲ. ಲಕ್ಷ ಡಾಲರ್ ಹೋಗುವುದು ಸರ್ಕಾರದ ಖಜಾನೆಗೆ. ಕೆಲಸ ಕಳೆದುಕೊಂಡವರಿಗೂ ಇಲ್ಲ, ಮಾಡುವವನಿಗೂ ಇಲ್ಲ.