ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆಯೇ? ಸತ್ಯಾಂಶ ಇಲ್ಲಿದೆ

“ಸಕ್ಕರೆ ಪೂರ್ತಿ ಬಿಡಿ, ಕ್ಯಾನ್ಸರ್ ಕಣ ಹಸಿದು ಸಾಯುತ್ತದೆ” ಎಂಬ ಮೆಸೇಜು ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ನಿಜವಲ್ಲ. ಕ್ಯಾನ್ಸರ್ ಕಣಗಳು ಗ್ಲೂಕೋಸನ್ನು ಜಾಸ್ತಿ ಬಳಸುತ್ತವೆ ಅನ್ನುವುದೇನೋ ಸರಿ. 1920ರ ದಶಕದಲ್ಲೇ ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ ಇದನ್ನು ಗುರುತಿಸಿದ್ದರು. ದೇಹದಲ್ಲಿ ಕ್ಯಾನ್ಸರ್ ಎಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದೂ ಇದೇ ಗುಣದ ಮೇಲೆ. ಆದರೆ ಮಿದುಳಿಗೂ ಗ್ಲೂಕೋಸ್ ಬೇಕಲ್ವಾ? ನೀವು ಸಕ್ಕರೆ ಬಿಟ್ಟರೂ ಲಿವರ್ ಅದನ್ನು ತಯಾರಿಸುತ್ತದೆ. ಗೆಡ್ಡೆಯನ್ನಷ್ಟೇ ಉಪವಾಸ ಕೆಡವಲು ಆಗುವುದಿಲ್ಲ.

ಕೀಮೋ (ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧದ ಚಿಕಿತ್ಸೆ) ನಡೆಯುವಾಗ ಮೊದಲೇ ಬಾಯಿರುಚಿ ಕೆಟ್ಟಿರುತ್ತದೆ. ಆಗ ಅನ್ನ, ಹಣ್ಣು ಎಲ್ಲ ಬಿಟ್ಟರೆ ತೂಕ ಇಳಿದು, ಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. (ಮಧುಮೇಹ ಇದ್ದವರ ಪಥ್ಯ ಬೇರೆ, ಅದನ್ನು ಡಾಕ್ಟರನ್ನೇ ಕೇಳಿ.)

ನಾವೂ ಏನಾದರೂ ಮಾಡಬೇಕು ಅನ್ನಿಸುವುದು ಸಹಜ. ಹಾಗಿದ್ದರೆ ಒಂದು ನೋಟ್‌ಬುಕ್ ಇಡಿ. ತೂಕ, ವಾಂತಿ, ನೋವು, ಸುಸ್ತು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಸುಮ್ನೆ ಸಹಿಸಬೇಡಿ. ನ್ಯೂಯಾರ್ಕಿನಲ್ಲಿ 766 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ತೊಂದರೆಗಳನ್ನು ಆಗಾಗ ಕಂಪ್ಯೂಟರಿನಲ್ಲಿ ದಾಖಲಿಸಿ ನರ್ಸ್‌ಗಳಿಗೆ ತಿಳಿಸುತ್ತಿದ್ದವರು ಉಳಿದವರಿಗಿಂತ ಸುಮಾರು 5 ತಿಂಗಳು ಹೆಚ್ಚು ಬದುಕಿದ್ದರು. ಕೀಮೋ ಅವಧಿಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ಬರೆಯುತ್ತಾ ಕೂರಬೇಡಿ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ.