ಒಂದು ಲಕ್ಷ ಕ್ಯೂಸೆಕ್ ಅಂದರೆ ನಿಮ್ಮೂರಲ್ಲಿ ಎಷ್ಟನೇ ಮೆಟ್ಟಿಲು?

ಮಳೆಗಾಲ ಬಂತೆಂದರೆ ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನಿಂದ ಇಷ್ಟು ನೀರು ಬಿಟ್ಟರು, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ ಅಷ್ಟು ಬಿಟ್ಟರು ಎಂಬ ಮೆಸೇಜುಗಳು ದಿನವೂ ಓಡಾಡುತ್ತವೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಈ ಲೆಕ್ಕ ಕೇಳಿ ಹೊಳೆದಂಡೆಯ ಅಜ್ಜಿ ಹೊರಸು ಬಿಟ್ಟು ಏಳುವುದಿಲ್ಲ. "ನಾಳೆ ನಸುಕಿನಾಗ ಹನುಮಪ್ಪನ ಗುಡಿ ಮೂರನೇ ಮೆಟ್ಟಿಲಿಗೆ ನೀರು ಬರ್ತದ ಬೇ" ಅಂದರೆ ಏಳುತ್ತಾಳೆ. ರಾಯಚೂರು ಜಿಲ್ಲೆಯ ಹೊಳೆಸಾಲಿನ ಊರುಗಳಲ್ಲಿ ಸ್ವಯಂಸೇವಕರ ಮೊದಲ ಕೆಲಸ ಆ ಅಂಕಿಯನ್ನು ಮೆಟ್ಟಿಲಿಗೆ ಇಳಿಸುವುದು.

ನಮ್ಮದು ಎಡದೊರೆ ನಾಡು, ಆಚೆ ಕೃಷ್ಣೆ, ಈಚೆ ತುಂಗಭದ್ರೆ. 2009ರಂತೆ ಇಲ್ಲೇ ಸುರಿದ ವರ್ಷ ಬಿಟ್ಟರೆ ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ಬರುತ್ತದೆ, ಮಳೆ ಎಲ್ಲೋ ಘಟ್ಟದಲ್ಲಿ ಆಗಿರುತ್ತದೆ. ಅದಕ್ಕೇ ಮೇ ತಿಂಗಳಲ್ಲಿ, ನೀರು ಇಳಿದಿದ್ದಾಗ, ಗುಡಿ ಮೆಟ್ಟಿಲು, ಸ್ನಾನಘಟ್ಟದ ಗೋಡೆಗೆ ಅಡಿಗೊಂದು ಗೆರೆಯನ್ನು ಆಯಿಲ್ ಪೇಂಟಿನಲ್ಲಿ ಎಳೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಾಲಂ ಸಾಕು: ಎಷ್ಟು ಬಿಟ್ಟರು, ಎಷ್ಟೊತ್ತಿಗೆ ಬಿಟ್ಟರು, ನಮ್ಮಲ್ಲಿಗೆ ಎಷ್ಟೊತ್ತಿಗೆ ಬಂತು, ಯಾವ ಗೆರೆ ಮುಟ್ಟಿತು. ಎರಡು ಮಳೆಗಾಲ ಬರೆದರೆ ಊರಿಗೆ ತನ್ನದೇ ಲೆಕ್ಕ ಸಿಗುತ್ತದೆ. ಒಂದು ಕಡೆ ಮಾತ್ರ ಎಲ್ಲರೂ ತಪ್ಪುತ್ತಾರೆ. ರಾಯಚೂರು ತಾಲ್ಲೂಕಿನ ಕಾಡ್ಲೂರು ಹತ್ತಿರ ಭೀಮಾ ಬಂದು ಕೃಷ್ಣೆ ಸೇರುತ್ತದೆ. ಅದರ ಕೆಳಗಿನ ಊರಿನವರು ನಾರಾಯಣಪುರದ ಅಂಕಿ ಒಂದನ್ನೇ ನೋಡಿಕೊಂಡು ಕುಳಿತರೆ ಮೋಸ ಹೋಗುತ್ತಾರೆ, ಭೀಮಾ ಹೊಳೆಯ ಸೊನ್ನ ಬ್ಯಾರೇಜಿನಿಂದ ಬಿಟ್ಟದ್ದನ್ನೂ ಬರೆಯಬೇಕು. ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆ ಮುಳುಗಿದರೆ ಆಚೆಯ ಊರುಗಳ ದಾರಿಯೇ ಬಂದ್. ಅಲ್ಲಿ ದಿನ ತುಂಬುತ್ತಿರುವ ಬಸುರಿಯರನ್ನು ಮೊದಲೇ ಈಚೆ ಕರೆತರುವುದು, ಬಿಪಿ, ಶುಗರ್ ಇದ್ದವರಿಗೆ ತಿಂಗಳ ಗುಳಿಗೆ ಮುಟ್ಟಿಸುವುದು ಜುಲೈಗೆ ಮುಂಚಿನ ಕೆಲಸ.

ಜನ ಮನೆ ಬಿಡದಿರುವುದು ಹಟಕ್ಕಲ್ಲ. ದಂಡೆಯಲ್ಲಿ ಹೊಲಕ್ಕೆ ನೀರೆತ್ತುವ ಮೋಟಾರು ಇದೆ. ನೀರು ಏರುವಾಗ ರೈತ ಕೊನೇ ಗಳಿಗೆಯಲ್ಲಿ ಹೊಳೆಗೆ ಇಳಿಯುವುದು ಅದಕ್ಕಾಗಿಯೇ, ಅದೂ ಒಬ್ಬನೇ, ಕತ್ತಲಲ್ಲಿ. ಊರಿಗೊಂದು ಮೋಟಾರು ತಂಡ ಬೇಕು: ನಾಲ್ಕು ಜನ, ಎರಡು ಸೆಟ್ ಪಾನಾ, ಹಗ್ಗ, ಟ್ರೇಲರ್ ಸಮೇತ ಒಂದು ಟ್ರ್ಯಾಕ್ಟರ್. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಸ್ಟಾರ್ಟರ್ ತನಕದ ಕೇಬಲ್ಲಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಲೈನ್‌ಮನ್‌ಗೆ ಹೇಳಿ ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯಿಂದಲೇ ಲೈನ್ ತೆಗೆಸಿ, ಆಮೇಲೆ ಕೈ ಹಾಕಿ. ತುಕ್ಕು ಹಿಡಿದ ಬೋಲ್ಟು ಬಿಚ್ಚುವುದರಲ್ಲೇ ಒಂದು ತಾಸು ಹೋಗುತ್ತದೆ, ಹಾಗಾಗಿ ಜೂನ್‌ನಲ್ಲೇ ಒಮ್ಮೆ ಬಿಚ್ಚಿ ಗ್ರೀಸ್ ಹಚ್ಚಿಡಿ. ಪೈಪಿಗೆ ಹಗ್ಗ ಕಟ್ಟಿ ಮೇಲಿನ ಮರಕ್ಕೆ ಬಿಗಿದು ಬಿಟ್ಟುಬಿಡಿ, ಅದಕ್ಕಾಗಿ ಜೀವ ಕೊಡಬೇಡಿ. ದನಗಳ ಕಣ್ಣಿ ಬಿಚ್ಚುವುದೂ ಇದೇ ತಂಡದ ಪಾಲು.

ಈಜು ಬರುತ್ತದೆ ಎಂದು ಹರಿವ ನೀರಿಗೆ ಹಾರುವ ಹುಡುಗರನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ. ಜೋರು ಸೆಳೆತ ಇದ್ದರೆ ಮೊಣಕಾಲು ನೀರು ಕೂಡ ಗಟ್ಟಿ ಆಳನ್ನು ಕೆಡವುತ್ತದೆ. 2019ರ ಆಗಸ್ಟ್‌ನಲ್ಲಿ ಹಂಪಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ, ತರಬೇತಿ ಪಡೆದ ಎನ್‌ಡಿಆರ್‌ಎಫ್‌ನವರ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ದೋಣಿಯೇ ಮಗುಚಿತ್ತು. ಮೊದಲು 112ಕ್ಕೆ ಫೋನು. ದಂಡೆಯಿಂದ ಎಸೆಯಲು 20 ಮೀಟರ್ ಪಾಲಿಪ್ರೊಪಿಲೀನ್ ಹಗ್ಗ ಇಟ್ಟುಕೊಳ್ಳಿ, ಅದು ತೇಲುತ್ತದೆ. ನೈಲಾನು ಮುಳುಗುತ್ತದೆ, ನೂಲಿನದು ನೆನೆದು ಭಾರವಾಗುತ್ತದೆ. ತುದಿಗೆ ಬಿಗಿಯಾಗಿ ಬಿರಡೆ ಹಾಕಿದ ಖಾಲಿ ಕ್ಯಾನು ಕಟ್ಟಿ. ಆದರೆ ಹಗ್ಗವನ್ನು ನಿಮ್ಮ ನಡುವಿಗೆ ಎಂದೂ ಕಟ್ಟಿಕೊಳ್ಳಬೇಡಿ, ಕೊಚ್ಚಿಹೋಗುತ್ತಿರುವವನ ಜೊತೆ ನೀವೂ ಹೋಗುತ್ತೀರಿ.

ಮನೆ ಬಿಟ್ಟು ಬಂದವರು ತಂಗುವ ಕಾಳಜಿ ಕೇಂದ್ರ ಅಂದರೆ ಹೆಚ್ಚಿನ ಕಡೆ ಸರಕಾರಿ ಶಾಲೆ. ಅದರ ಬೀಗದ ಕೈ ಯಾರ ಹತ್ತಿರ ಇದೆ? ಹೆಡ್‌ಮಾಸ್ತರರು ಬೇರೆ ಊರಿನವರಾದರೆ ರಾತ್ರಿ ಎರಡಕ್ಕೆ ಯಾರು ತೆಗೆಯುತ್ತಾರೆ? ಇನ್ನೊಂದು ಕೈ ಊರಲ್ಲೇ ಇರಲಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು, ದೀಪ ಇದೆಯೇ ಎಂದು ಹಗಲಲ್ಲೇ ನೋಡಿ. ದೂರದ ಊರಿನಿಂದ ನೆರವು ಕಳಿಸುವವರಲ್ಲಿ ಒಂದು ಕೇಳಿಕೆ: ಹಳೇ ಬಟ್ಟೆ ಗಂಟು ಬೇಡ, ಪೊಟ್ಟಣ ಕಟ್ಟಿದ ಚಿತ್ರಾನ್ನವೂ ಬೇಡ, ಬರುವಷ್ಟರಲ್ಲಿ ಹಳಸಿರುತ್ತದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ತಾಡಪಾಲು, ಸ್ಯಾನಿಟರಿ ಪ್ಯಾಡು ಕಳಿಸಿ.

ನೀರು ಇಳಿದ ಮೇಲೆ ವಾಂತಿಭೇದಿ ಶುರುವಾಗುತ್ತದೆ, ಆ ಹೊತ್ತಿಗೆ ಕ್ಯಾಮೆರಾದವರು ಹೊರಟುಹೋಗಿರುತ್ತಾರೆ. ಹೊಳೆನೀರು ಹೊಕ್ಕ ಬಾವಿಯನ್ನು ಮೊದಲು ಮೋಟಾರು ಹಚ್ಚಿ ಬಸಿದು ತೆಗೆಯಬೇಕು. ರಾಡಿ ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ರಾಡಿಯೇ ಅದನ್ನು ತಿಂದುಹಾಕುತ್ತದೆ. ತಿಳಿನೀರು ಬಂದ ಮೇಲೆ ದುಂಡು ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ. ಎಲ್ಲ ಮೀಟರಿನಲ್ಲಿ ಇದ್ದರೆ ಬರುವುದು ಲೀಟರು. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ 70 ಗ್ರಾಂ ಪೌಡರ್. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಕೊಡಕ್ಕೆ ಬಸಿದು, ಬಾವಿಯೊಳಗೆ ಇಳಿಬಿಟ್ಟು ಮೇಲೆ ಕೆಳಗೆ ಜಗ್ಗಿ ಬೆರೆಸಿ. ಒಂದು ತಾಸು ಯಾರೂ ಸೇದಬಾರದು. ಹೋದ ವರ್ಷದ ಬಾಯಿ ಬಿಚ್ಚಿದ ಚೀಲ ಇದ್ದರೆ ಮೂಸಿ ನೋಡಿ: ಮೂಗಿಗೆ ಘಾಟು ಬಡಿಯದಿದ್ದರೆ ಅದರಲ್ಲಿ ಉಳಿದಿರುವುದು ಬರೀ ಸುಣ್ಣ, ಹೊಸ ಚೀಲ ತರಿಸಿ.